ಪರದೆಯ ಹಿಂದೆ ಕೂತು ನೋಡಿದ ದೆವ್ವ

ಧಾರವಾಡದಲ್ಲಿ ಸಿನಿಮಾ ಹುಚ್ಚಿನ ಒಂದಿಷ್ಟು ಗೆಳೆಯರಿದ್ದಾರೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯ ಮಹಡಿ ಮೇಲೆ ಸೇರುತ್ತಾರೆ, ಒಂದು ಸಿನಿಮಾ ನೋಡುತ್ತಾರೆ, ಆಮೇಲೆ ಗಿರ್ಮಿಟ್ ತಿನ್ನುತ್ತಾ ಜಗಳ ಆಡುತ್ತಾರೆ. ಮಳೆಗಾಲದ ಒಂದು ಭಾನುವಾರ ನನ್ನನ್ನು ಗದಗಿನಿಂದ ಕರೆಸಿಕೊಂಡು, ದೆವ್ವದ ಸಿನಿಮಾ, ವಿಜ್ಞಾನ ಕಥೆಯ ಸಿನಿಮಾ, ಜನ ಹುಚ್ಚು ಹಿಡಿದವರ ಹಾಗೆ ಮತ್ತೆ ಮತ್ತೆ ನೋಡುವ ಚಿತ್ರವಿಚಿತ್ರ ಸಿನಿಮಾ, ಇವುಗಳ ಬಗ್ಗೆ ಒಂದು ತಾಸು ಮಾತಾಡಿ ಅಂದರು. ಮಾತಾಡಿದ್ದನ್ನು ಬರೆದು ಕೊಡಿ ಅಂತ ಆಮೇಲೆ ಗಂಟುಬಿದ್ದರು. ಇದು ಅದೇ. ಆಗ ಮರೆತಿದ್ದ ಎರಡು ಮಾತು ಸೇರಿಸಿದ್ದೇನೆ, ಆಡಬಾರದಿದ್ದ ಒಂದು ಮಾತು ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸಿನಿಮಾ ಓದಿದವನಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಾಸ್ತರ. ಹಾಗಾಗಿ ಥಿಯರಿ ಕೇಳಬೇಕೆಂದು ಬಂದವರು ಈಗಲೇ ಚಹಾಕ್ಕೆ ಹೋಗಬಹುದು.

ನಾನು ನೋಡಿದ ಮೊದಲ ದೆವ್ವದ ಸಿನಿಮಾ ಗಣಪತಿ ಹಬ್ಬದ್ದು. ಎಂಬತ್ತರ ದಶಕದ ಗದಗ. ನಮ್ಮ ಓಣಿಯ ಗಣಪ್ಪನ ಮುಂದೆ ಮೂರನೇ ದಿನ ರಾತ್ರಿ ಸಿನಿಮಾ ಹಾಕುವುದು ರೂಢಿ. ಎರಡು ಲೈಟಿನ ಕಂಬಗಳ ನಡುವೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಪ್ರೊಜೆಕ್ಟರು, ರೀಲಿನ ಡಬ್ಬಿ ಎಲ್ಲ ಹುಬ್ಬಳ್ಳಿಯಿಂದ ಬಾಡಿಗೆಗೆ ಬರುತ್ತಿದ್ದವು. ಆ ವರ್ಷ ಭಕ್ತಿ ಸಿನಿಮಾ ಬರಬೇಕಿತ್ತು, ಡಬ್ಬಿ ಅದಲುಬದಲಾಗಿ ಹಿಂದಿಯ ದೆವ್ವದ ಸಿನಿಮಾ ಬಂತು. ಡಬ್ಬಿ ಕೊಟ್ಟವರು ಯಾರು ಅಂತ ಹೇಳುವುದಿಲ್ಲ, ಅವರ ಋಣ ನನ್ನ ಮೇಲೆ ಇನ್ನೂ ಇದೆ. ಹತ್ತು ನಿಮಿಷ ಓಡಿತ್ತೋ ಇಲ್ಲವೋ, ಓಣಿಯ ಹಿರಿಯರೊಬ್ಬರು ಎದ್ದು, "ಏ, ಗಣಪ್ಪನ ಮುಂದ ದೆವ್ವಾ ಕುಣಸ್ತೀರೇನಲೇ, ಬಂದ್ ಮಾಡ್ರಿ!" ಅಂತ ಕೂಗಿದರು. ಬಾಡಿಗೆ ಕೊಟ್ಟಾಗಿತ್ತು, ಬಂದ್ ಮಾಡಲು ಹುಡುಗರು ತಯಾರಿಲ್ಲ. ಕೊನೆಗೆ ಗಣಪ್ಪನಿಗೆ ಕಾಣದ ಹಾಗೆ ಅವನ ಮುಂದೆ ಒಂದು ಚಾದರ ಇಳಿಬಿಟ್ಟು ಸಿನಿಮಾ ಮುಂದುವರಿಸಿದರು. ಆ ಹಿರಿಯರು ಕಟ್ಟಕಡೆಯ ರೀಲಿನ ತನಕ ಕೂತು ನೋಡಿದರು.

ಮುಂದೆ ಜಾಗ ಸಿಗದ ನಮ್ಮಂಥ ಹುಡುಗರು ಬಟ್ಟೆಯ ಹಿಂದೆ ಕೂರುತ್ತಿದ್ದೆವು. ಹಿಂದಿನಿಂದ ನೋಡಿದರೆ ಎಲ್ಲ ತಿರುಗುಮುರುಗು. ಅಕ್ಷರ ಉಲ್ಟಾ, ಹೀರೋ ಎಡಗೈಯಲ್ಲಿ ಉಣ್ಣುತ್ತಾನೆ. ಗಾಳಿ ಬಂದರೆ ಬಟ್ಟೆ ಉಬ್ಬಿ ದೆವ್ವದ ಮುಖ ನಮ್ಮ ಮೈಮೇಲೇ ಬರುತ್ತದೆ. ಮುಂದೆ ಕೂತವರಿಗೆ ಈ ಸೌಲಭ್ಯ ಇರಲಿಲ್ಲ. ಒಂದು ಹಂತದಲ್ಲಿ ತಡೆಯಲಾಗದೆ ನಾನು ಬಟ್ಟೆಯ ಅಂಚು ಸರಿಸಿ ಆಚೆ ಇಣುಕಿದೆ. ಇಡೀ ಓಣಿ ಬಾಯಿ ತೆರೆದು ಕೂತಿತ್ತು. ಕಿರಾಣಿ ಅಂಗಡಿಯ ಕಾಕಾ, ಸಾಲಿ ಮಾಸ್ತರು, ಸೆರಗು ಬಾಯಿಗೆ ಒತ್ತಿಕೊಂಡ ಅವ್ವಂದಿರು, ಎಲ್ಲರ ಮುಖದ ಮೇಲೂ ಬೆಳಕು ಕುಣಿಯುತ್ತಿತ್ತು. ಅವರೆಲ್ಲರ ಹಿಂದೆ ಪ್ರೊಜೆಕ್ಟರು ಕಟಕಟ ಅನ್ನುತ್ತಿತ್ತು, ಅದರ ಪಕ್ಕ ಒಬ್ಬ ಬೀಡಿ ಸೇದುತ್ತಾ ನಿಂತಿದ್ದ. ಅವನ ಮುಖದಲ್ಲಿ ಹೆದರಿಕೆಯ ಸುಳಿವೇ ಇಲ್ಲ. ಓಹೋ, ದೆವ್ವ ಬರುತ್ತಿರುವುದು ಆ ಡಬ್ಬಿಯಿಂದ ಅಂತ ನನಗೆ ಪೂರ್ತಿ ಅರ್ಥವಾಯಿತು. ಸಮಾಧಾನದಿಂದ ತಿರುಗಿ ಬಟ್ಟೆ ನೋಡಿದೆ. ಮತ್ತೆ ಅಷ್ಟೇ ಹೆದರಿಕೆ.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಇಷ್ಟರಲ್ಲೇ ಇದೆ. ಹೇಗೆ ಮಾಡಿದರು ಅಂತ ಗೊತ್ತಿದ್ದರೂ ಈ ಸಿನಿಮಾಗಳ ಹೆದರಿಕೆ, ಬೆರಗು ಕಡಿಮೆ ಆಗುವುದಿಲ್ಲ. ಬೇರೆ ಸಿನಿಮಾಗಳಲ್ಲಿ ಹೀಗಾಗುತ್ತದೋ ಇಲ್ಲವೋ, ಇವುಗಳಲ್ಲಂತೂ ಬಟ್ಟೆಯ ಎರಡೂ ಕಡೆ ಕೂರಬಹುದು, ಅದೂ ಒಂದೇ ಹೊತ್ತಿಗೆ.

ಮೊದಲಿನಿಂದ ಬರೋಣ. ಪ್ಯಾರಿಸಿನಲ್ಲಿ ಜಾರ್ಜ್ ಮೆಲಿಯೆಸ್ ಎಂಬ ಜಾದೂಗಾರನಿದ್ದ. ಸ್ವಂತ ಜಾದೂ ಥಿಯೇಟರೇ ಇತ್ತು. 1902ರಲ್ಲಿ ಆತ ಚಂದ್ರನಿಗೆ ಹೋಗಿಬರುವ ಸಿನಿಮಾ ಮಾಡಿದ, ಕಾಲು ಗಂಟೆಯಷ್ಟು ಉದ್ದ. ಒಂದು ದೊಡ್ಡ ತೋಪಿನೊಳಗೆ ಪಂಡಿತರನ್ನು ಕೂರಿಸಿ ಹಾರಿಸುತ್ತಾರೆ, ಆ ಗುಂಡು ಹೋಗಿ ಚಂದ್ರನ ಕಣ್ಣಿಗೇ ನಾಟುತ್ತದೆ. ನನ್ನ ಪಾಠದ ಲೆಕ್ಕದಲ್ಲಿ ಹೇಳುವುದಾದರೆ, ಒಳಗೆ ಕೂತವರು ತೋಪು ಹಾರಿದ ಕ್ಷಣವೇ ಜೋಳದ ರೊಟ್ಟಿ ಆಗಿರಬೇಕಿತ್ತು. ಇವರು ಛತ್ರಿ ಹಿಡಿದು ಇಳಿಯುತ್ತಾರೆ. ಚಂದ್ರಲೋಕದವರನ್ನು ಅದೇ ಛತ್ರಿಯಿಂದ ಬಡಿದರೆ ಅವರು ಭುಸ್ ಅಂತ ಹೊಗೆಯಾಗಿ ಮಾಯವಾಗುತ್ತಾರೆ. ಮಾಡಿದ್ದು ಹೀಗೆ: ಕ್ಯಾಮೆರಾ ನಿಲ್ಲಿಸು, ವೇಷದವನನ್ನು ಆಚೆ ಕಳಿಸು, ಅವನಿದ್ದ ಜಾಗದಲ್ಲಿ ಹೊಗೆ ಎಬ್ಬಿಸು, ಮತ್ತೆ ಕ್ಯಾಮೆರಾ ತಿರುಗಿಸು. ಇಷ್ಟೇ. ನನ್ನ ಕ್ಲಾಸಿನ ಹುಡುಗರಿಗೆ ಮೊಬೈಲಿನಲ್ಲಿ ಇದನ್ನೇ ಮಾಡಿ ತೋರಿಸಿದ್ದೇನೆ, ಹತ್ತು ನಿಮಿಷದ ಕೆಲಸ. ಮಾಡಿ ಮುಗಿಸಿದ ಮೇಲೂ ಅವರು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರು.

ಮೆಲಿಯೆಸ್‌ನ ಕೊನೆ ದುಃಖದ್ದು. ಸಾಲಕ್ಕೆ ಬಿದ್ದ. 1923ರಲ್ಲಿ ತನ್ನ ಸಿನಿಮಾಗಳ ನೆಗೆಟಿವ್‌ಗಳನ್ನು ತಾನೇ ಸುಟ್ಟುಹಾಕಿದ. ಆಮೇಲೆ ಪ್ಯಾರಿಸಿನ ಒಂದು ರೈಲು ಸ್ಟೇಷನ್ನಿನಲ್ಲಿ ಆಟಿಕೆ, ಮಿಠಾಯಿ ಮಾರುತ್ತಾ ಕೂತಿದ್ದ.

ಅವನ ಕಥೆ ಓದುವಾಗ ನನಗೆ ನಮ್ಮ ಕಂಪನಿ ನಾಟಕಗಳೇ ಕಣ್ಣೆದುರು ಬರುತ್ತವೆ. ಗದಗಿನಲ್ಲಿ ಗರುಡ ಸದಾಶಿವರಾಯರ ಕಂಪನಿ ಇತ್ತಲ್ಲ, ಆ ಕಾಲದ ಇನ್ನೂ ಎಷ್ಟೋ ಕಂಪನಿಗಳು ಈ ಕಡೆ ಕ್ಯಾಂಪು ಹಾಕುತ್ತಿದ್ದವು. ಬಣ್ಣದ ಪರದೆ ಸರ್ರನೆ ಏರಿದರೆ ಕಾಡು, ಇಳಿದರೆ ದರ್ಬಾರು. ತಂತಿ ಕಟ್ಟಿ ದೇವರನ್ನು ಇಳಿಸುವುದು ಪ್ರೇಕ್ಷಕರಿಗೆ ಕಾಣುತ್ತಲೇ ಇತ್ತು, ಕೈಯೂ ಮುಗಿಯುತ್ತಿದ್ದರು. ತಂತಿ ಕಂಡಿತು ಅಂತ ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಲಿಲ್ಲ. ಈಗ ನಾವು ಹಳೆಯ ಸಿನಿಮಾ ನೋಡಿ "ಅಯ್ಯೋ ಗ್ರಾಫಿಕ್ಸ್ ಸರಿ ಇಲ್ಲ" ಅಂತೀವಲ್ಲ, ನಮ್ಮ ಅಜ್ಜಂದಿರು ನಮಗಿಂತ ಒಳ್ಳೆಯ ಪ್ರೇಕ್ಷಕರಾಗಿದ್ದರು ಅನ್ನಿಸುತ್ತದೆ.

ಈಗ ಜಪಾನಿಗೆ ಹೋಗೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ನನಗೆ ಬಹಳ ಇಷ್ಟ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬು ಪರೀಕ್ಷೆ ಮಾಡಿತು. ಜಪಾನಿನ ಒಂದು ಮೀನುಗಾರಿಕೆ ದೋಣಿ ಅಲ್ಲಿಂದ ದೂರದಲ್ಲಿತ್ತು, 23 ಜನ ಇದ್ದರು. ಅವರ ಮೇಲೆ ಬಿಳಿ ಬೂದಿ ಮಳೆಯಂತೆ ಸುರಿಯಿತು. ಎಲ್ಲರೂ ಕಾಯಿಲೆ ಬಿದ್ದರು, ದೋಣಿಯ ರೇಡಿಯೋ ನೋಡಿಕೊಳ್ಳುತ್ತಿದ್ದವನು ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅದೇ ವರ್ಷ ನವೆಂಬರಿನಲ್ಲಿ 'ಗೊಜಿರಾ' ಬಂತು, ನಾವು ಗಾಡ್ಜಿಲ್ಲಾ ಅನ್ನುತ್ತೇವಲ್ಲ ಅದು. ಸಿನಿಮಾ ಶುರುವಾಗುವುದೇ ಒಂದು ದೋಣಿಯಿಂದ. ಸಮುದ್ರದಲ್ಲಿ ಬೆಳಕು ಹೊಳೆಯುತ್ತದೆ, ದೋಣಿ ಉರಿದು ಮುಳುಗುತ್ತದೆ. ಆ ಕಾಲದ ಜಪಾನಿನವರಿಗೆ ಅದು ಯಾವ ದೋಣಿ ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿರೋಶಿಮಾ ಆಗಿ ಒಂಬತ್ತೇ ವರ್ಷ. ನಿರ್ದೇಶಕ ಇಶಿರೋ ಹೋಂಡಾ ಸೈನ್ಯದಲ್ಲಿದ್ದು, ಯುದ್ಧ ಮುಗಿದ ಮೇಲೆ ಊರಿಗೆ ಮರಳಿದವನು.

ಹಾಗಿದ್ದರೆ ಇದು ಗಂಭೀರ ಸಿನಿಮಾ, ಮಕ್ಕಳಾಟ ಅಲ್ಲ ಅಂತ ನೀವು ಅನ್ನಬಹುದು. ತಡೆಯಿರಿ, ಮಕ್ಕಳಾಟವೂ ಹೌದು. ಟ್ರಿಕ್ ಮಾಡುವ ಎಯ್ಜಿ ತ್ಸುಬುರಾಯಾನಿಗೆ ಹಳೆಯ 'ಕಿಂಗ್ ಕಾಂಗ್' ತರಹ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಫೋಟೋ ತೆಗೆಯುವ ಆಸೆ ಇತ್ತು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ, ಇವರ ಕೈಯಲ್ಲಿ ಇದ್ದದ್ದು ಕೆಲವೇ ತಿಂಗಳು. ಸರಿ, ಒಬ್ಬ ಮನುಷ್ಯನಿಗೆ ರಬ್ಬರಿನ ವೇಷ ಹಾಕಿ, ಬೊಂಬೆ ಊರು ಕಟ್ಟಿ, ತುಳಿ ಅಂದರು. ಮೊದಲ ವೇಷ 100 ಕಿಲೋದ ಆಸುಪಾಸು ತೂಕ ಇತ್ತು. ಹರುವೊ ನಕಾಜಿಮಾ ಎಂಬ ನಟ ಅದರೊಳಗೆ ಬೆವರು ಸುರಿಸುತ್ತಾ ನಡೆದ. ನಮ್ಮ ಕಡೆ ದೊಡ್ಡಾಟದ ಭುಜಕೀರ್ತಿ, ಕಿರೀಟ ಹೊತ್ತು ಬೆಳಗಿನ ತನಕ ಕುಣಿದವರಿಗೆ ಅವನ ಕಷ್ಟ ಗೊತ್ತಾಗುತ್ತದೆ. ಇನ್ನು ಆ ಕೂಗು. ಸಂಗೀತ ಕೊಟ್ಟ ಅಕಿರಾ ಇಫುಕುಬೆ ಒಂದು ದೊಡ್ಡ ತಂತಿವಾದ್ಯದ ತಂತಿ ಸಡಿಲ ಮಾಡಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಅದನ್ನು ಉಜ್ಜಿ ಸದ್ದು ತೆಗೆಸಿದ. ಇದನ್ನು ತಿಳಿದುಕೊಂಡು ಮನೆಗೆ ಹೋಗಿ ಆ ಕೂಗು ಕೇಳಿ ನೋಡಿ. ಕೈಗವಸು ನೆನಪಾಗುತ್ತದೆ, ಮೈಮೇಲೆ ಮುಳ್ಳೂ ಏಳುತ್ತವೆ.

ಇಲ್ಲಿ ಒಂದು ವಿಷಯ ಗಮನಿಸಿ. ಗೊಂಬೆಗೆ ಟೈಮ್ ಇರಲಿಲ್ಲ, ಅದಕ್ಕೇ ವೇಷ ಬಂತು. ಈ ಜಾತಿಯ ಸಿನಿಮಾಗಳಲ್ಲಿ ಎಲ್ಲಿ ಕೈ ಹಾಕಿದರೂ ಇಂಥದೊಂದು ಕೊರತೆ ಸಿಗುತ್ತದೆ. ದುಡ್ಡಿಲ್ಲ, ಟೈಮ್ ಇಲ್ಲ, ಮಷೀನು ಕೆಟ್ಟಿತು. 1975ರಲ್ಲಿ ಬಂದ 'ಜಾಸ್' ಮಾಡುವಾಗ ಸ್ಟೀವನ್ ಸ್ಪೀಲ್‌ಬರ್ಗ್ ಯಂತ್ರದ ಶಾರ್ಕ್ ಮೀನು ಮಾಡಿಸಿದ್ದರು. ಉಪ್ಪುನೀರಿಗೆ ಇಳಿಸಿದ ಕೂಡಲೇ ಅದು ಕೈಕೊಟ್ಟಿತು. ದಿನಗಟ್ಟಲೆ ಶೂಟಿಂಗ್ ನಿಂತಿತು. ಮೀನು ಇಲ್ಲದೆ ಮೀನಿನ ಸಿನಿಮಾ ಮಾಡಬೇಕು! ಅದಕ್ಕೆ ನೀರಿನ ಮೇಲಿನ ನೋಟ, ತೇಲುವ ಪೀಪಾಯಿ, ಜಾನ್ ವಿಲಿಯಮ್ಸ್ ಕೊಟ್ಟ ಎರಡೇ ಸ್ವರದ ಸಂಗೀತ. ಮೀನು ಸರಿಯಾಗಿ ಮುಖ ತೋರಿಸುವ ಹೊತ್ತಿಗೆ ಒಂದು ತಾಸಿಗಿಂತ ಜಾಸ್ತಿ ಕಳೆದಿರುತ್ತದೆ. ಅಷ್ಟರಲ್ಲಿ ನಾವೇ ನಮ್ಮ ತಲೆಯೊಳಗೆ ಅದಕ್ಕಿಂತ ದೊಡ್ಡ ಮೀನು ಸಾಕಿಕೊಂಡಿರುತ್ತೇವೆ. ನಿಜ ಹೇಳಬೇಕೆಂದರೆ, ಮೀನು ಕಂಡ ಮೇಲೆ ನನಗೆ ಹೆದರಿಕೆ ಸ್ವಲ್ಪ ಇಳಿಯಿತು.

ಹಿಚ್‌ಕಾಕ್‌ನ 'ಸೈಕೋ' 1960ರದು. ಸ್ನಾನದ ಮನೆಯ ಆ ಕೊಲೆ ಒಂದು ನಿಮಿಷವೂ ಇಲ್ಲ, ಶೂಟಿಂಗಿಗೆ ಏಳು ದಿನ ಹಿಡಿಯಿತು. ಕಪ್ಪು ಬಿಳುಪು ಆದ್ದರಿಂದ ರಕ್ತದ ಬದಲು ಚಾಕಲೇಟ್ ಪಾಕ ಸುರಿದರು. ಚಾಕು ಮೈಗೆ ಇಳಿಯುವುದು ಕಂಡಿತು ಅಂತ ನೋಡಿದವರು ಆಣೆ ಮಾಡಿ ಹೇಳುತ್ತಾರೆ. ನಿಲ್ಲಿಸಿ ನಿಲ್ಲಿಸಿ ನೋಡಿ, ಹೆಚ್ಚುಕಡಿಮೆ ಎಲ್ಲ ಇಳಿಸಿದ್ದು ನಾವೇ. ಈಗಿನ ಎಷ್ಟೋ ದೆವ್ವದ ಸಿನಿಮಾ ಮಾಡುವವರಿಗೆ ಇದು ತಿಳಿಯುವುದಿಲ್ಲ. ಎರಡು ನಿಮಿಷ ಸುಮ್ನಿದ್ದು ಆಮೇಲೆ ಧಡ್ ಅಂತ ಸದ್ದು ಮಾಡುತ್ತಾರೆ. ಹಿಂದಿನಿಂದ ಬಂದು ಯಾರಾದರೂ ಭೋ ಅಂದರೂ ನಾವು ಬೆಚ್ಚಿಬೀಳುತ್ತೇವೆ, ಅದಕ್ಕೆ ಟಿಕೆಟ್ ಯಾಕೆ ಬೇಕು?

ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಒಂದಿಷ್ಟು ಹುಡುಗರ ಕಥೆ ಇದಕ್ಕಿಂತ ಮಜಾ. ಜಾಹೀರಾತು ಚಿತ್ರ ಮಾಡಿಕೊಂಡಿದ್ದವರು. ಜಾರ್ಜ್ ರೊಮೆರೋ ಅಂತ ಒಬ್ಬ ಅವರಲ್ಲಿ. ತಾವೂ ತಮ್ಮ ಗುರುತಿನವರೂ ದುಡ್ಡು ಹಾಕಿ, ಸುಮಾರು 1,14,000 ಡಾಲರಿನಲ್ಲಿ 1968ರಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದರು. ಸತ್ತವರು ಎದ್ದು ಬಂದು ಮನೆ ಮುತ್ತುತ್ತಾರೆ, ಒಳಗಿರುವವರು ಒಬ್ಬರನ್ನೊಬ್ಬರು ನಂಬುವುದಿಲ್ಲ. ಇಲ್ಲೂ ರಕ್ತ ಅಂದರೆ ಚಾಕಲೇಟ್ ಪಾಕವೇ. ದುಡ್ಡು ಹಾಕಿದವರಲ್ಲಿ ಒಬ್ಬ ಮಾಂಸದ ಅಂಗಡಿಯವ, ಹಾಗಾಗಿ ಹೆಣ ತಿನ್ನುವ ದೃಶ್ಯಕ್ಕೆ ಬೇಕಾದ ಸಾಮಾನು ಸಲೀಸಾಗಿ ಸಿಕ್ಕಿತು. ಕೊನೆ ಗಳಿಗೆಯಲ್ಲಿ ಸಿನಿಮಾದ ಹೆಸರು ಬದಲಾಯಿಸುವಾಗ ಕಾಪಿರೈಟ್ ಸಾಲು ಹಾಕುವುದು ತಪ್ಪಿಹೋಯಿತು. ಆ ಕಾಲದ ಕಾನೂನಿನ ಪ್ರಕಾರ ಸಿನಿಮಾ ಊರಿನ ಸೊತ್ತಾಯಿತು! ಮಾಡಿದವರಿಗೆ ನಷ್ಟ. ಆದರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ತೋರಿಸಿದರು, ಅದಕ್ಕೇ ಇಡೀ ಜಗತ್ತು ನೋಡಿತು. ಇವತ್ತು ಜಾಂಬಿ ಅಂತ ಏನೇನು ಬರುತ್ತಿದೆಯೋ ಅದೆಲ್ಲ ಇದರ ಸಂತಾನ. ವಿಚಿತ್ರ ಅಂದರೆ ಜಾಂಬಿ ಎಂಬ ಮಾತು ಆ ಸಿನಿಮಾದಲ್ಲಿ ಎಲ್ಲೂ ಬರುವುದಿಲ್ಲ.

ನಮ್ಮಲ್ಲೂ ಇಂಥದೊಂದು ಮನೆತನ ಇತ್ತು. ರಾಮ್ಸೆಯವರು. ಅಪ್ಪ 1970ರಲ್ಲಿ ಒಂದು ಸಿನಿಮಾ ಮಾಡಿ ಕೈ ಸುಟ್ಟುಕೊಂಡರು. ಥಿಯೇಟರಿಗೆ ಹೋಗಿ ನೋಡಿದ ಮಕ್ಕಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರುವ ಒಂದು ದೃಶ್ಯ ಇತ್ತು, ಜನ ಅದೊಂದನ್ನು ನೋಡಲು ಬರುತ್ತಿದ್ದರು. ಹಾಗಾದರೆ ಇಡೀ ಸಿನಿಮಾ ಹಾಗೇ ಮಾಡೋಣ ಅಂದರು. ಏಳು ಜನ ಅಣ್ಣತಮ್ಮಂದಿರು, ಒಬ್ಬ ಕಥೆ, ಒಬ್ಬ ಕ್ಯಾಮೆರಾ, ಒಬ್ಬ ಸೌಂಡ್. ಸಂಸಾರ ಸಮೇತ ಮಹಾಬಲೇಶ್ವರಕ್ಕೆ ಹೋಗಿ ಇಳಿದುಕೊಂಡು 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಮಾಡಿಕೊಂಡು ಬಂದರು. 1984ರ 'ಪುರಾನಾ ಮಂದಿರ್' ಹೊತ್ತಿಗೆ ಸಣ್ಣ ಊರುಗಳ ಥಿಯೇಟರುಗಳೆಲ್ಲ ಅವರವೇ ಎನ್ನುವ ಹಾಗಾಯಿತು. ಒಳ್ಳೆಯ ಸಿನಿಮಾಗಳೇ ಅಂತ ಕೇಳಿದರೆ, ಇಲ್ಲ. ಕಾಮಿಡಿ ಬಂದರೆ ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ. ಆದರೆ ಆ ನೀಲಿ ಬೆಳಕು, ಹೊಗೆ, ಕಿರ್ ಅನ್ನುವ ಬಾಗಿಲು! ನಮ್ಮ ಓಣಿಯ ಬಟ್ಟೆಯ ಮೇಲೆ ಕುಣಿದ ಬೆಳಕೂ ಆ ನೀಲಿಯೇ.

ಈಗ 'ಕಲ್ಟ್' ಅನ್ನುವ ಮಾತಿಗೆ ಬರುತ್ತೇನೆ. ಇತ್ತೀಚೆಗೆ ಯಾವ ಸಿನಿಮಾದ ಪೋಸ್ಟರ್ ನೋಡಿದರೂ ಕಲ್ಟ್ ಅಂತ ಬರೆದಿರುತ್ತಾರೆ, ಬಿಡುಗಡೆಗೆ ಮೊದಲೇ. ಹಾಗಾಗುವುದಿಲ್ಲ ಸ್ವಾಮಿ. ಮಾವಿನಕಾಯಿ ಉಪ್ಪಿನಕಾಯಿ ಆಗುವುದಕ್ಕೂ ಭರಣಿಯಲ್ಲಿ ಕೂರಬೇಕು. ಸಿನಿಮಾ ಸೋಲಬೇಕು, ಎಲ್ಲರೂ ಮರೆಯಬೇಕು, ಆಮೇಲೆ ಎಲ್ಲೋ ನಾಲ್ಕು ಜನ ಇಟ್ಟುಕೊಂಡು ಮುದ್ದಿಸಬೇಕು.

1982ರ ಜೂನ್ 25 ನೋಡಿ. ಅಮೆರಿಕದಲ್ಲಿ ಒಂದೇ ದಿನ ಎರಡು ಸಿನಿಮಾ ಬಂದವು, ರಿಡ್ಲಿ ಸ್ಕಾಟ್‌ನ 'ಬ್ಲೇಡ್ ರನ್ನರ್', ಜಾನ್ ಕಾರ್ಪೆಂಟರ್‌ನ 'ದಿ ಥಿಂಗ್'. ಎರಡು ವಾರ ಮೊದಲು ಸ್ಪೀಲ್‌ಬರ್ಗ್‌ನ 'ಇ.ಟಿ.' ಬಂದಿತ್ತು. ಬೇರೆ ಲೋಕದಿಂದ ಬಂದ ಮುದ್ದು ಜೀವಿಗೆ ಊರೆಲ್ಲ ಮರುಳಾಗಿ ಕಣ್ಣೀರು ಹಾಕುತ್ತಿದ್ದ ಹೊತ್ತು. ಅಂಥ ಹೊತ್ತಿನಲ್ಲಿ ಕಾರ್ಪೆಂಟರ್ ಬಂದು, ಬೇರೆ ಲೋಕದ ಜೀವಿ ನಿಮ್ಮ ಪಕ್ಕದಲ್ಲಿ ಕೂತವನ ರೂಪದಲ್ಲೇ ಇರಬಹುದು ಅಂದರೆ ಯಾರು ಕೇಳುತ್ತಾರೆ? ಎರಡೂ ಸೋತವು. 'ದಿ ಥಿಂಗ್' ಅನ್ನು ವಿಮರ್ಶಕರು ಬೈದು ಅಟ್ಟಿದರು. ಅಂಟಾರ್ಕ್ಟಿಕಾದ ಹಿಮದಲ್ಲಿ ಹನ್ನೆರಡು ಗಂಡಸರು, ಯಾರು ಮನುಷ್ಯ ಯಾರು ಅಲ್ಲ ಅಂತ ಯಾರಿಗೂ ಗೊತ್ತಿಲ್ಲ. ಉಳಿದವರನ್ನು ಕಟ್ಟಿಹಾಕಿ, ಒಬ್ಬೊಬ್ಬರ ರಕ್ತಕ್ಕೂ ಕಾಯಿಸಿದ ತಂತಿ ಅದ್ದಿ ನೋಡುವ ದೃಶ್ಯ ಒಂದಿದೆ. ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುವಾಗ ನನಗೆ ಈಗಲೂ ಅದೇ ಕಣ್ಮುಂದೆ ಬರುತ್ತದೆ. ಅದರ ಭಯಂಕರ ರೂಪಗಳನ್ನೆಲ್ಲ ರಬ್ಬರು, ಅಂಟು, ಲೋಳೆಯಿಂದ ಮಾಡಿದವನು ರಾಬ್ ಬೊಟಿನ್ ಎಂಬ 22ರ ಹುಡುಗ. ಹಗಲು ರಾತ್ರಿ ದುಡಿದು ಕೊನೆಗೆ ಆಸ್ಪತ್ರೆ ಸೇರಿದ. ಈಗ ಕಂಪ್ಯೂಟರಿನಲ್ಲಿ ಎಲ್ಲ ಆಗುತ್ತದೆ, ಆಗಲಿ, ಬೇಡ ಅನ್ನುವುದಿಲ್ಲ. ಆದರೆ ರಬ್ಬರಿಗೆ ತೂಕ ಇರುತ್ತದೆ, ಅದರ ಮೇಲೆ ಬೆಳಕು ಬೀಳುತ್ತದೆ, ಎದುರಿಗಿರುವ ನಟನೂ ಅದನ್ನು ಕಣ್ಣಾರೆ ನೋಡಿರುತ್ತಾನೆ.

ಇನ್ನೊಂದು ತರಹದ ಕಲ್ಟ್ ಇದೆ, ಕೆಟ್ಟ ಸಿನಿಮಾ. ಎಡ್ ವುಡ್ ಅಂತ ಒಬ್ಬ. 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಅವನದು. ಹಾರುವ ತಟ್ಟೆಗಳಿಗೆ ಕಟ್ಟಿದ ದಾರ ಕಾಣುತ್ತದೆ, ಗೋರಿಗಳು ಅಲುಗಾಡುತ್ತವೆ. ಹಿಂದೆ ಡ್ರಾಕುಲಾ ಆಗಿ ಮೆರೆದಿದ್ದ ಬೆಲಾ ಲುಗೋಸಿ ಅದರಲ್ಲಿದ್ದಾನೆ, ಆದರೆ ಅವನು 1956ರಲ್ಲೇ ತೀರಿಕೊಂಡಿದ್ದ. ಮೊದಲೇ ತೆಗೆದಿಟ್ಟಿದ್ದ ಕೆಲವು ತುಣುಕು ಇದ್ದವು. ಉಳಿದದ್ದಕ್ಕೆ ತನ್ನ ಹೆಂಡತಿಯ ಬೆನ್ನುಮೂಳೆ ವೈದ್ಯನನ್ನು ಕರೆತಂದು, ಕರಿ ನಿಲುವಂಗಿಯಿಂದ ಮುಖ ಮುಚ್ಚಿಕೊಂಡು ಓಡಾಡು ಅಂದ! ಆತ ಲುಗೋಸಿಗಿಂತ ಎತ್ತರ ಬೇರೆ. ನೀವು ನಗುತ್ತಿದ್ದೀರಿ. ನಾನೂ ನಗುತ್ತೇನೆ. ಆದರೆ ಸತ್ತ ಗೆಳೆಯನನ್ನು ಹೇಗಾದರೂ ಇನ್ನೊಂದು ಸಲ ಪರದೆ ಮೇಲೆ ತರಬೇಕು ಅನ್ನುವ ಹಟ ಇದೆಯಲ್ಲ, ಅದು ಗೊತ್ತಾದ ಮೇಲೆ ನಗು ಸ್ವಲ್ಪ ಬೇರೆ ತರಹ ಬರುತ್ತದೆ. ಬರೀ ಗೇಲಿ ಮಾಡಲು ಕೆಟ್ಟ ಸಿನಿಮಾ ನೋಡುವವರ ಜೊತೆ ನನಗೆ ಕೂರಲಾಗುವುದಿಲ್ಲ, ಅರ್ಧ ತಾಸಿಗೆ ಸಾಕಾಗುತ್ತದೆ.

ನಿಧಾನದ ಸಿನಿಮಾಗಳ ಬಗ್ಗೆ ಒಂದು ಮಾತು. ರಷ್ಯದ ತಾರ್ಕೋವ್‌ಸ್ಕಿ 1972ರಲ್ಲಿ 'ಸೊಲಾರಿಸ್' ಮಾಡಿದ. ಎರಡೂಮುಕ್ಕಾಲು ತಾಸು. ಅದರಲ್ಲಿ ಮುಂದಿನ ಕಾಲದ ಊರು ತೋರಿಸಬೇಕಿತ್ತು. ಸೆಟ್ ಹಾಕಲಿಲ್ಲ, ಟೋಕಿಯೋಕ್ಕೆ ಹೋಗಿ ಅಲ್ಲಿನ ಮೇಲ್ಸೇತುವೆ, ಸುರಂಗಗಳಲ್ಲಿ ಕಾರು ಓಡುವುದನ್ನು ಚಿತ್ರ ತೆಗೆದು ತಂದ. ಕಾರು ಓಡುತ್ತದೆ, ಓಡುತ್ತದೆ, ಓಡುತ್ತಲೇ ಇರುತ್ತದೆ. ಮೊದಲ ಸಲ ನಾನು ನಿದ್ದೆ ಹೋದೆ. ಎರಡನೇ ಸಲವೂ. ಒಂದು ದಿನ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಸಂಜೆ, ಸಣ್ಣ ಮಳೆ, ಎಸಿ ಬಸ್ಸಿನ ಗಾಜಿನಾಚೆ ಲೈಟುಗಳು ಸರಿದು ಹೋಗುತ್ತಿವೆ, ಯಾವ ಸದ್ದೂ ಒಳಗೆ ಬರುತ್ತಿಲ್ಲ. ಇದು ನನ್ನ ಊರಲ್ಲ, ನಾನು ಎಲ್ಲಿಗೋ ಹೊರಟಿದ್ದೇನೆ ಅಂತ ಒಂದು ಕ್ಷಣ ಅನ್ನಿಸಿತು. ಮನೆಗೆ ಬಂದು ಮತ್ತೆ 'ಸೊಲಾರಿಸ್' ಹಾಕಿದೆ. ಆ ಸಲ ನಿದ್ದೆ ಬರಲಿಲ್ಲ. ಹಾಗಾಗಿ ಒಂದು ಸಿನಿಮಾ ಹಿಡಿಸಲಿಲ್ಲ ಅಂದರೆ ಬಿಟ್ಟುಬಿಡಿ, ಬೇಕಾದರೆ ಅದೇ ಎಂದಾದರೂ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಇದೆಲ್ಲ ಹೊರಗಿನದು, ಕನ್ನಡದವರಿಗೆ ಈ ರುಚಿ ಇಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರನ್ನನ 'ಗದಾಯುದ್ಧ' ಓದಿದವರು ಇಲ್ಲಿ ಇದ್ದೀರಿ. ಸಾವಿರ ವರ್ಷದ ಹಿಂದಿನದು. ಸೋತ ದುರ್ಯೋಧನ ಹೆಣಗಳ ನಡುವೆ, ರಕ್ತದಲ್ಲಿ ಕಾಲು ಜಾರುತ್ತಾ ನಡೆದುಹೋಗುತ್ತಾನೆ, ಮರುಳುಗಳು ಅವನನ್ನು ಅಣಕಿಸುತ್ತವೆ. ಅದಕ್ಕಿಂತ ದೊಡ್ಡ ಹಾರರ್ ದೃಶ್ಯ ಯಾರು ಬರೆದಿದ್ದಾರೆ ಹೇಳಿ! ಅಷ್ಟು ದೂರ ಯಾಕೆ, 'ನಾಳೆ ಬಾ' ನೆನಪಿಲ್ಲವೇ? ಬಾಗಿಲು ಬಡಿಯುವ ದೆವ್ವಕ್ಕೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದು ಕಳಿಸಿದ ನಾಡು ನಮ್ಮದು. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಅದು ದಿನಾ ಬಂದು ಓದಿಕೊಂಡು ಸುಮ್ನೆ ವಾಪಸ್ ಹೋಗುತ್ತದೆ ಅಂತ ಎಷ್ಟು ನಂಬಿಕೆ!

ಸಿನಿಮಾದಲ್ಲೂ ಇದೆ. 1979ರ 'ನಾ ನಿನ್ನ ಬಿಡಲಾರೆ' ನೋಡಿ ರಾತ್ರಿ ಒಬ್ಬರೇ ಮಲಗಲಾರದೆ ಹೋದವರು ನಮ್ಮ ಮನೆಯಲ್ಲೇ ಇದ್ದಾರೆ. 'ಆಪ್ತಮಿತ್ರ' 2004ರಲ್ಲಿ ಬಂತು, ಮೂಲ 1993ರ ಮಲಯಾಳದ 'ಮಣಿಚಿತ್ರತ್ತಾಳ್'. ಅದರಲ್ಲಿ ದೆವ್ವವೇ ಇಲ್ಲ, ಗಮನಿಸಿದ್ದೀರಾ? ಇರುವುದು ಒಬ್ಬ ಹೆಣ್ಣುಮಗಳ ಮನಸ್ಸು ಮಾತ್ರ. ಆದರೂ ನಾಗವಲ್ಲಿ ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆ ಸಿನಿಮಾ ತೆರೆಗೆ ಬರುವ ಹೊತ್ತಿಗೆ ಸೌಂದರ್ಯ ನಮ್ಮ ನಡುವೆ ಇರಲಿಲ್ಲ, ಅದೇ ವರ್ಷ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ಥಿಯೇಟರಿನಲ್ಲಿ ಆಕೆಯ ಕಣ್ಣು ನೋಡಿದ ಜನಕ್ಕೆ ಆದದ್ದು ಹೆದರಿಕೆ ಒಂದೇ ಅಲ್ಲ. ಕಾಲಯಂತ್ರದ ಕಥೆ ಬೇಕೆಂದರೆ ತೆಲುಗಿನ 'ಆದಿತ್ಯ 369' ಇದೆ, 1991ರದು. ಮಾಡಿದವರು ಸಿಂಗೀತಂ ಶ್ರೀನಿವಾಸರಾವ್. ನಮಗೆ 'ಹಾಲು ಜೇನು' ಕೊಟ್ಟವರು ಅವರೇ. ಯಂತ್ರ ಹತ್ತಿದವರು ಮೊದಲು ಹೋಗುವುದು 1526ಕ್ಕೆ, ಕೃಷ್ಣದೇವರಾಯನ ಆಸ್ಥಾನಕ್ಕೆ. ಇಲ್ಲಿಂದ ಹಂಪಿ ಎಷ್ಟು ದೂರ? ಆ ಯಂತ್ರ ನಮ್ಮ ಕೈಗೆ ಸಿಗಲಿಲ್ಲವಲ್ಲ ಅಂತ ನನಗೆ ಹೊಟ್ಟೆಕಿಚ್ಚು.

ಹೊಸದರಲ್ಲಿ ಎರಡು ಹೆಸರು ಹೇಳಿ ಮುಗಿಸುತ್ತೇನೆ. 'ತುಂಬಾಡ್', 2018ರದು. ಒಂದು ಮಳೆಗಾಲ ಸಾಲದೆ ವರ್ಷ ವರ್ಷ ಮಳೆಗೆ ಕಾದು ತೆಗೆದ ಸಿನಿಮಾ. ಮಳೆ ಅಂದರೆ ಏನು ಅಂತ ಧಾರವಾಡದವರಿಗೆ ಹೇಳಬೇಕಾಗಿಲ್ಲ. ಅದರಲ್ಲಿ ಒಬ್ಬ ಶಾಪಗ್ರಸ್ತ ಮುದುಕಿ ಬರುತ್ತಾಳೆ, ಆಮೇಲೆ ನಾಯಕನ ಮಗ ಬರುತ್ತಾನೆ. ಎರಡೂ ಪಾತ್ರ ಮಾಡಿದ್ದು ಒಬ್ಬನೇ ಹುಡುಗ, ಮೊಹಮ್ಮದ್ ಸಮದ್. ಮೊದಲ ಸಲ ಬಂದಾಗ ಹೆಚ್ಚು ಜನ ನೋಡಲಿಲ್ಲ. 2024ರಲ್ಲಿ ಮತ್ತೆ ಥಿಯೇಟರಿಗೆ ತಂದರು, ಮೊದಲಿಗಿಂತ ಜಾಸ್ತಿ ದುಡ್ಡು ಮಾಡಿತು. ಭರಣಿಯಲ್ಲಿ ಕೂರಬೇಕು ಅಂದೆನಲ್ಲ, ಇದೇ.

ಇನ್ನೊಂದು ಜಪಾನಿನದು, 2017ರ 'ಒನ್ ಕಟ್ ಆಫ್ ದಿ ಡೆಡ್'. ಸುಮಾರು 30 ಲಕ್ಷ ಯೆನ್ ಖರ್ಚು, ನಮ್ಮ 20 ಲಕ್ಷ ರೂಪಾಯಿಯೂ ಆಗುವುದಿಲ್ಲ. ನಟನೆ ಕಲಿಯಲು ಬಂದವರನ್ನು ಇಟ್ಟುಕೊಂಡು ಮಾಡಿದ್ದು. ಮೊದಲ 37 ನಿಮಿಷ ಒಂದೇ ಶಾಟು, ಎಲ್ಲೂ ಕತ್ತರಿ ಇಲ್ಲ. ಆ 37 ನಿಮಿಷ ನೋಡುವಾಗ ಇದೇನು ಮಾಸ್ತರ ಇಂಥ ಸಿನಿಮಾ ನೋಡು ಅಂದರು ಅಂತ ನನ್ನನ್ನು ಬೈಯುತ್ತೀರಿ. ಬೈಯಿರಿ, ಆದರೆ ಎದ್ದು ಹೋಗಬೇಡಿ. ಮುಂದಿನದು ನಾನು ಹೇಳುವುದಿಲ್ಲ. ಮುಗಿದ ಮೇಲೆ ನಾನು ಗದಗಿನ ಆ ಓಣಿಗೆ ಹೋಗಿ, ಬಟ್ಟೆ ಸರಿಸಿ ಇಣುಕಿ ಬಂದ ಹಾಗೆ ಇತ್ತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ ತಾನು ಫೋನಿನಲ್ಲಿ 'ಏಲಿಯನ್' ನೋಡಿದೆ, ಏನೂ ಹೆದರಿಕೆ ಆಗಲಿಲ್ಲ ಅಂದ. ಎಲ್ಲಿ ನೋಡಿದೆಯಪ್ಪ ಅಂದೆ. ಬಸ್ ಸ್ಟ್ಯಾಂಡಿನಲ್ಲಂತೆ. ಮನೆಯಲ್ಲಿ ಲೈಟ್ ಆರಿಸಿ, ಇಯರ್‌ಫೋನ್ ಹಾಕಿಕೊಂಡು, ಮಧ್ಯೆ ವಾಟ್ಸ್ಯಾಪ್ ನೋಡದೆ ಇನ್ನೊಂದು ಸಲ ನೋಡು, ಆಗಲೂ ಆಗದಿದ್ದರೆ ಪೇಢೆ ನನ್ನ ಕಡೆಯಿಂದ ಅಂದೆ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಮೊಮ್ಮಗಳ ಜೊತೆ ಬಂದಿದ್ದರು. "ಸರ, ಖರೇನ ದೆವ್ವ ಅದಾವೇನ್ರಿ?" ಅಂದರು. "ನನಗಂತೂ ಕಂಡಿಲ್ಲಬೇ. ಆದ್ರ ರಾತ್ರಿ ಹಿತ್ತಲಕ್ಕ ಹೋಗೂಮುಂದ ನಾನೂ ಲೈಟ್ ಹಾಕ್ತೇನಿ" ಅಂದೆ. "ಹಂಗಾದ್ರ ಅದಾವ ಬಿಡ್ರಿ" ಅಂತ ಅವರೇ ತೀರ್ಪು ಕೊಟ್ಟರು.

ಆಮೇಲೆ ಲೈಟ್ ಆರಿಸಿ ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆಟೆ' ಹಾಕಿದೆವು. 28 ನಿಮಿಷದ್ದು. ಮೂರನೇ ಮಹಾಯುದ್ಧ ಮುಗಿದು ಜನ ನೆಲದಡಿ ಬದುಕುತ್ತಿರುವ ಕಾಲ, ಒಬ್ಬನನ್ನು ಅವನ ನೆನಪಿನ ದಾರಿ ಹಿಡಿಸಿ ಹಿಂದಿನ ದಿನಗಳಿಗೆ ಕಳಿಸುತ್ತಾರೆ. ಇಡೀ ಸಿನಿಮಾ ಬರೀ ಫೋಟೋಗಳು. ಒಂದಾದ ಮೇಲೊಂದು ಕಪ್ಪು ಬಿಳುಪು ಫೋಟೋ, ಹಿಂದೆ ಒಬ್ಬನ ದನಿ, ಅಷ್ಟೇ. ಒಂದು ಕಡೆ ಏನೋ ಆಗುತ್ತದೆ, ಕಂಡವರು ಕೈ ಎತ್ತಿ ಅಂತ ಮಾತ್ರ ಹೇಳಿದ್ದೆ. ಹೊರಗೆ ಮಳೆ ಜೋರಾಗಿತ್ತು. ಐದು ನಿಮಿಷಕ್ಕೆ ಹಿಂದಿನ ಸಾಲಿನವರು ಪಿಸುಗುಟ್ಟಲು ಶುರು ಮಾಡಿದರು, ಹತ್ತು ನಿಮಿಷಕ್ಕೆ ಸುಮ್ಮನಾದರು. ಹಾಸಿಗೆಯಲ್ಲಿ ಮಲಗಿದ ಹೆಣ್ಣಿನ ಫೋಟೋಗಳು ಬಂದವು. ಒಂದು, ಇನ್ನೊಂದು, ಒಂದರೊಳಗೆ ಒಂದು ಕರಗುತ್ತಾ. ಹಕ್ಕಿಗಳ ಸದ್ದು ಏರುತ್ತಾ ಹೋಯಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಜ್ಜಿಯ ದನಿ.

"ಅಯ್ಯ ಇಕಿ ನೋಡ ನಮ್ಮವ್ವ, ಕಣ್ಣ ತಗದ್ಲು!"